ಸ್ವಂತ ಅನುಭವದಿಂದ ದೇವರಿದ್ದಾನೆ ಎಂದು ಸಾಬೀತಾಗುತ್ತದೆಯೇ?

"ನನಗೇ ಅನುಭವವಾಗಿದೆ, ಇನ್ನೇನು ಸಾಕ್ಷಿ ಬೇಕು?" ಎಂದು ಕೇಳುವವರಿಗೆ ನನ್ನ ಉತ್ತರ: ನಿಮ್ಮ ನಂಬಿಕೆಗೆ ಅದು ಸಾಕು, ನನ್ನನ್ನು ಒಪ್ಪಿಸಲು ಸಾಲದು.

1995ರ ಸೆಪ್ಟೆಂಬರ್ 21 ನೆನಪಿದೆಯಾ? ದೆಹಲಿಯಿಂದ ಲಂಡನ್‌ವರೆಗೆ ಗಣಪತಿ ಹಾಲು ಕುಡಿದ ದಿನ. ಜನ ಸುಮ್ನೆ ಕಥೆ ಕಟ್ಟಲಿಲ್ಲ. ಚಮಚವನ್ನು ಸೊಂಡಿಲಿಗೆ ತಾಗಿಸಿದರೆ ಹಾಲು ಕಣ್ಣೆದುರೇ ಖಾಲಿಯಾಗುತ್ತಿತ್ತು. ಸರ್ಕಾರದ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಕುಡಿಸಿ ನೋಡಿದರು. ಸರ್ಫೇಸ್ ಟೆನ್ಷನ್‌ನಿಂದ, ಅಂದರೆ ದ್ರವದ ಮೇಲ್ಮೈಯಲ್ಲಿರುವ ಎಳೆತದಿಂದ, ಹಾಲು ಚಮಚದ ಅಂಚು ದಾಟಿ, ತೆಳ್ಳಗೆ ಮೂರ್ತಿಯ ಮೈಮೇಲೆ ಇಳಿದು ಹೋಗುತ್ತಿತ್ತು. ಅಮೃತಶಿಲೆಯ ಮೇಲೆ ಬಿಳಿ ಹಾಲು ಹರಿದರೆ ಯಾರ ಕಣ್ಣಿಗೆ ಬೀಳಬೇಕು ಹೇಳಿ!

ಅಂದರೆ ಕಂಡದ್ದು ನಿಜ, ಅದಕ್ಕೆ ಕೊಟ್ಟುಕೊಂಡ ಕಾರಣ ತಪ್ಪು. ಮನಸ್ಸಿನೊಳಗೆ ಆಗುವ ಅನುಭವಕ್ಕಾದರೆ ಬಣ್ಣ ಬೆರೆಸಿ ನೋಡುವ ದಾರಿಯೂ ಇಲ್ಲ, ಅದೇ ಫಜೀತಿ. ಕೃಷ್ಣನ ಭಕ್ತರಿಗೆ ಕೃಷ್ಣ ಕಾಣುತ್ತಾನೆ, ಕ್ರೈಸ್ತರಿಗೆ ಯೇಸು ಅಥವಾ ಮೇರಿ. ಜಾಸ್ತಿ ಜನರಿಗೆ ಕಾಣುವುದು ತಾವು ಬೆಳೆದ ಮನೆಯ ದೇವರೇ, ಅಲ್ವಾ? ಅವರವರಿಗೆ ಅವರವರ ಅನುಭವ ಅಷ್ಟೇ ಗಟ್ಟಿ. ಯಾರದನ್ನು ಸಾಕ್ಷಿ ಅಂತ ಒಪ್ಪುವುದು? ಹಾಗಂತ ದೇವರಿಲ್ಲ ಅಂತಲೂ ಇದರಿಂದ ಸಾಬೀತಾಗುವುದಿಲ್ಲ ಬಿಡಿ.