ಅಕ್ಕ ಕಾಲೇಜಿಗೇ ಫಸ್ಟ್, 16ರ ತಮ್ಮ ಬೈಕ್ ಕದ್ದು ಬಾಲ ನ್ಯಾಯ ಮಂಡಳಿ (18 ತುಂಬದವರ ಕೇಸು ನೋಡುವ ಮಂಡಳಿ) ಮುಂದೆ. ಮನೆಯಲ್ಲಿ ಅವನನ್ನು ಅಕ್ಕನ ಜೊತೆ ಹೋಲಿಸುತ್ತಿದ್ದ ವಿಷಯ ಅಲ್ಲಿ ಹೇಳಬೇಕಾ?

ಹೇಳಲೇಬೇಕು. ಮುಚ್ಚಿಟ್ಟರೆ ಹುಡುಗನಿಗೇ ನಷ್ಟ.

2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ, ಹುಡುಗ ಪೊಲೀಸರಿಗೆ ಸಿಕ್ಕಿದ ಮೇಲೆ ಪ್ರೊಬೇಷನ್ ಅಧಿಕಾರಿ (ಹುಡುಗನ ಹಿನ್ನೆಲೆ ವಿಚಾರಿಸುವ ಅಧಿಕಾರಿ) ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಅದರಲ್ಲಿ ಮನೆಯ ಕತೆಯೇ ಜಾಸ್ತಿ: ಹೆತ್ತವರು ಹೇಗೆ ನೋಡಿಕೊಳ್ಳುತ್ತಾರೆ, ಒಡಹುಟ್ಟಿದವರ ಜೊತೆ ಹೇಗಿದ್ದಾನೆ, ಓದು ಏನಾಯಿತು, ಗೆಳೆಯರು ಯಾರು. "ಅಕ್ಕನ್ನ ನೋಡಿ ಕಲಿ" ಅಂತ ವರ್ಷಗಟ್ಟಲೆ ಕೇಳಿಸಿಕೊಂಡಿದ್ದರೆ ಅದೂ ಬರಲಿ. ಅದರಿಂದ ಕಳ್ಳತನ ಸರಿ ಅಂತೇನೂ ಆಗುವುದಿಲ್ಲ. ಆದರೆ ಬುದ್ಧಿ ಹೇಳಿ ಮನೆಗೆ ಕಳಿಸಬೇಕಾ, ಗುಂಪು ಸಮಾಲೋಚನೆಯಾ, ಸಮುದಾಯ ಸೇವೆಯಾ ಎಂದು ತೀರ್ಮಾನಿಸುವಾಗ ಮಂಡಳಿ ಈ ವರದಿಯನ್ನು ನೋಡುತ್ತದೆ. ಅಪ್ಪ ಅಮ್ಮನನ್ನೂ ಸಮಾಲೋಚನೆಗೆ ಕೂರಿಸಲು ಅವಕಾಶವಿದೆ. ನನ್ನ ಪ್ರಕಾರ ಅರ್ಧ ಕೆಲಸ ಇರುವುದೇ ಅಲ್ಲಿ.

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಸುಮ್ನೆ ಹೆದರಬೇಡಿ. ಇಂಥ ಕೇಸಿನಲ್ಲಿ ಜಾಮೀನು ಕೊಡುವುದೇ ನಿಯಮ, ನಿರಾಕರಿಸಿದರೆ ಕಾರಣ ಬರೆಯಬೇಕು. ಹುಡುಗನ ಹೆಸರು, ಫೋಟೊ ಪೇಪರಿನಲ್ಲಿ ಹಾಕುವಂತಿಲ್ಲ. ಈ ಕೇಸು ಮುಂದೆ ಕೆಲಸಕ್ಕೆ ಅನರ್ಹತೆಯೂ ಆಗುವುದಿಲ್ಲ.

ಅಂದಹಾಗೆ, ಅಕ್ಕನ ಕೈಲಿ ಬುದ್ಧಿ ಹೇಳಿಸುವ ಐಡಿಯಾ ಇದ್ದರೆ ದಯವಿಟ್ಟು ಬಿಡಿ.