ಮೂಗಿನ ಪಕ್ಕದ ಚರ್ಮವನ್ನು ಬಾಯಿಯೊಳಗೆ ಹೊಲಿದರೆ ಮುಖ ಕೆಡುತ್ತದೆಯೇ?

ತಂದೆಯವರ ಕೆನ್ನೆಯೊಳಗಿನ ಕ್ಯಾನ್ಸರ್ ಗಡ್ಡೆ ತೆಗೆದು, ಮೂಗಿನ ಪಕ್ಕದ ಚರ್ಮವನ್ನು ಒಳಗೆ ತಿರುಗಿಸಿ ಹೊಲಿಯುತ್ತಾರಂತೆ, ಮುಖ ಕೆಡುತ್ತದೆಯೇ ಎಂದು ಕೇಳಿದ್ದೀರಿ. ನಮ್ಮ ಅಮ್ಮನಿಗೂ ಇದೇ ಆಪರೇಷನ್ ಆಯಿತು. ಎಲೆ-ಅಡಿಕೆ ಜೊತೆ ಕಡ್ಡಿಪುಡಿ ಹಾಕುವ ಅಭ್ಯಾಸ ಅವರಿಗೆ. ಜೊತೆಯಲ್ಲಿದ್ದು ನೋಡಿಕೊಂಡವಳು ನಾನು.

ಮುಖದ ಬಗ್ಗೆ ಅಷ್ಟು ಹೆದರಬೇಡಿ. ನಕ್ಕಾಗ ಮೂಗಿನಿಂದ ಬಾಯಿ ಮೂಲೆಗೆ ಗೆರೆ ಬೀಳುತ್ತದಲ್ಲ, ಚರ್ಮ ತೆಗೆಯುವುದು ಅಲ್ಲಿಂದ. ವಯಸ್ಸಾದವರಿಗೆ ಅಲ್ಲಿ ಚರ್ಮ ಸಡಿಲ. ಹೊಲಿಗೆ ಗುರುತು ಹೆಚ್ಚುಕಡಿಮೆ ಆ ಗೆರೆಯಲ್ಲೇ ಅಡಗುತ್ತದೆ. ಚರ್ಮವನ್ನು ಪೂರ್ತಿ ಬಿಡಿಸುವುದಿಲ್ಲ. ಒಂದು ತುದಿ ತೊಟ್ಟಿನ ಹಾಗೆ ಕೆನ್ನೆಗೇ ಇರುತ್ತದೆ, ರಕ್ತ ಬರುವುದು ಅಲ್ಲಿಂದಲೇ. ಸುಮಾರು 3 ವಾರ ಕಳೆದು, ಒಳಗೆ ಚೆನ್ನಾಗಿ ಕೂಡಿಕೊಂಡ ಮೇಲೆ, ಅಮ್ಮನಿಗೆ ಆ ತೊಟ್ಟನ್ನು ಕತ್ತರಿಸಿದರು. ಅಲ್ಲಿವರೆಗೆ ಹಲ್ಲಿಗೆ ಸಿಕ್ಕಿ ಕಚ್ಚದ ಹಾಗೆ ಜೋಪಾನ ಮಾಡಬೇಕಿತ್ತು. ಊಟವೆಲ್ಲ ಮೂಗಿನಿಂದ ಹೊಟ್ಟೆಗೆ ಹಾಕಿದ ನಳಿಕೆಯಲ್ಲೇ: ತೆಳು ರಾಗಿ ಗಂಜಿ, ಸೋಸಿದ ಬೇಳೆಕಟ್ಟು.

ನಿಮ್ಮ ತಂದೆಗೆ ಒಂದು ವಿಷಯ ಮೊದಲೇ ಹೇಳಿಡಿ. ಗಡ್ಡ ಬರುವ ಚರ್ಮವಾದರೆ ಬಾಯಿಯೊಳಗೂ ಕೂದಲು ಬೆಳೆಯಬಹುದು. ಗಾಬರಿಯಾಗುವ ವಿಷಯವಲ್ಲ.

ಗಾಯ ಚಿಕ್ಕದಿದ್ದರೆ ಕೆನ್ನೆಯೊಳಗಿನ ಕೊಬ್ಬನ್ನೇ ಎಳೆದು ಮುಚ್ಚುವುದೂ ಉಂಟು. ದವಡೆ ಮೂಳೆಯೋ ಹೊರಗಿನ ಚರ್ಮವೋ ಹೋದರೆ ಈ ಚೂರು ಸಾಲುವುದಿಲ್ಲ, ಎದೆಯಿಂದಲೋ ಮುಂಗೈಯಿಂದಲೋ ತರುತ್ತಾರೆ. ಹಾಗಾಗಿ ಡಾಕ್ಟರನ್ನು ಕೇಳಿ: ‘ಗಡ್ಡೆ ಸುತ್ತ ತೆಗೆಯಬೇಕಾದಷ್ಟನ್ನೂ ತೆಗೆದ ಮೇಲೆ ಇದು ಸಾಕಾಗುತ್ತದಾ?’

ನಾವು ಎಡವಿದ್ದು ಬೇರೆ ಕಡೆ. ಗಾಯ ಮಾಗಿತು, ಎಲ್ಲ ಮುಗಿಯಿತು ಅಂದುಕೊಂಡೆವು. ಬಾಯಿ ತೆರೆಯುವ ವ್ಯಾಯಾಮವನ್ನು ‘ನೋವು, ನಾಳೆ ಮಾಡ್ತೀನಿ’ ಎಂದು ಅಮ್ಮ ಮುಂದೂಡಿದರು, ನಾನೂ ಸುಮ್ನೆ ಇದ್ದೆ. ಮೇಲೆ ರೇಡಿಯೇಷನ್ ಬೇರೆ. ಗಾಯದ ಕಲೆ ಬಿಗಿದು ಬಾಯಿಗೆ ಒಂದೂವರೆ ಬೆರಳಷ್ಟೇ ಹೋಗುತ್ತಿತ್ತು. ಸಾಮಾನ್ಯವಾಗಿ ಮೂರು ಬೆರಳು ಹೋಗಬೇಕು. ಮುದ್ದೆ ನುಂಗುವುದಿರಲಿ, ಚಮಚವೂ ಕಷ್ಟ. ಆಮೇಲೆ ಫಿಸಿಯೋಥೆರಪಿಯವರು ಐಸ್‌ಕ್ರೀಮ್ ಕಡ್ಡಿಗಳ ಕಟ್ಟು ಕೊಟ್ಟರು. ಹಲ್ಲಿನ ನಡುವೆ ಇಟ್ಟು, ಕೆಲವು ದಿನಕ್ಕೊಂದು ಕಡ್ಡಿ ಸೇರಿಸುತ್ತಾ ಹೋಗುವುದು. ಅಮ್ಮ ಅಳುತ್ತಲೇ ಮಾಡಿದರು. ಎರಡೂವರೆ ಬೆರಳಿಗೆ ಬರಲು ತಿಂಗಳುಗಳೇ ಬೇಕಾದವು.

ವ್ಯಾಯಾಮ ಯಾವ ದಿನದಿಂದ ಶುರು ಮಾಡಬೇಕು ಎಂದು ಡಿಸ್ಚಾರ್ಜ್ ಆಗುವ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಹೊಲಿಗೆ ಹಸಿ ಇರುವಾಗ ನೀವಾಗಿಯೇ ಎಳೆಯಲು ಹೋಗಬೇಡಿ.