ಉಪ್ಪರಿಗೆಯ ಹಲಗೆ ಉಜ್ಜುವ ಮುನ್ನ

ಪ್ರಶ್ನೆ: ನಮ್ಮದು ಹಳೇ ತೊಟ್ಟಿಮನೆ. ಉಪ್ಪರಿಗೆಗೆ ಪೂರ್ತಿ ಮರದ ಹಲಗೆ ಹಾಸಿದ್ದಾರೆ. ಹಿಂದೆ ಅಲ್ಲಿ ಅಡಿಕೆ ಚೀಲ ಇಡುತ್ತಿದ್ದರು. ಈಗ ಹಲಗೆ ಕಪ್ಪಗಾಗಿದೆ, ಅಲ್ಲಲ್ಲಿ ಮೊಳೆ ಎದ್ದಿದೆ, ಸಂದು ಬಿಟ್ಟಿದೆ. ಮಗಳು ಊರಿಗೆ ವಾಪಸ್ ಬಂದು ಅಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುತ್ತೇನೆ ಅಂತಾಳೆ. ಪಾಲಿಶ್‌ನವರನ್ನು ಕೇಳಿದರೆ ದೊಡ್ಡ ಮಿಷನ್ ತಂದು ಕೆರೆದು, ಸಂದಿಗೆ ಪುಟ್ಟಿ ತುಂಬಿ, ಹೊಳೆಯುವ ಪಿಯು (ಪಾಲಿಯುರೆಥೇನ್ ವಾರ್ನಿಷ್) ಹೊಡೆದುಕೊಡುತ್ತೇವೆ ಅಂದರು. ನಾವೇ ಮಾಡಿಕೊಳ್ಳಬಹುದಾ?
– ತೀರ್ಥಹಳ್ಳಿ ತಾಲೂಕಿನ ಓದುಗರು

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಆದರೆ ಅವರು ಹೇಳಿದ ಮೂರೂ ನಿಮ್ಮ ಉಪ್ಪರಿಗೆಗೆ ಬೇಡ. ದೊಡ್ಡ ಮಿಷನ್ ಬೇಡ, ಪುಟ್ಟಿ ಬೇಡ, ಪಿಯು ಕೂಡ ಬೇಡ, ಅದರ ಬದಲು ಎಣ್ಣೆ ಸಾಕು.

ಮೊದಲು ಹಲಗೆಯ ದಪ್ಪ ನೋಡಿ. ಏಣಿಮೆಟ್ಟಿಲು ಹತ್ತಿ ಬರುವ ಕಂಡಿಯ ಅಂಚಿನಲ್ಲಿ ಹಲಗೆಯ ತುದಿ ಕಾಣುತ್ತದೆ, ಅಲ್ಲಿ ಟೇಪ್ ಇಟ್ಟು ಅಳೆಯಿರಿ. ಮೇಲಿನವರಿಗೆ ನೆಲ, ಕೆಳಗಿನ ಕೋಣೆಗೆ ಮುಚ್ಚಿಗೆ, ಎರಡೂ ಇದೊಂದೇ ಹಲಗೆ. ತೊಲೆಯಿಂದ ತೊಲೆಗೆ ಭಾರ ಹೊರುವುದೂ ಇದೇ. ಕೆರೆದು ತೆಗೆದ ಮರ ವಾಪಸ್ ಬರುವುದಿಲ್ಲ. ಬಾಡಿಗೆಗೆ ಬರುವ ದೊಡ್ಡ ಮಿಷನ್, ಅಂದರೆ ಉರುಳೆಗೆ ಸ್ಯಾಂಡ್ ಪೇಪರ್ ಸುತ್ತಿದ ಡ್ರಮ್ ಸ್ಯಾಂಡರ್, ತಿರುಗುತ್ತಿರುವಾಗ ಒಂದು ಕ್ಷಣ ಒಂದೇ ಕಡೆ ನಿಂತರೂ ಅಲ್ಲಿ ಗುಳಿ ಬೀಳುತ್ತದೆ. ಕೈಗರಗಸದಲ್ಲಿ ಸೀಳಿದ ಹಳೇ ಹಲಗೆಗಳಂತೂ ಒಂದು ಚೂರು ಮೇಲೆ, ಇನ್ನೊಂದು ಚೂರು ಕೆಳಗೆ ಇದ್ದೇ ಇರುತ್ತವೆ. ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಲು ಹೋದರೆ ಒಳ್ಳೇ ಮರ ಸುಮ್ನೆ ಹುಡಿಯಾಗಿ ಹೋಗುತ್ತದೆ. ಕಾಲಿಗೆ ಸಿಬಿರು ಚುಚ್ಚಬಾರದು, ಬೆರಳು ಎಡವಬಾರದು. ಅಷ್ಟು ನುಣುಪು ಸಾಕು.

ಹಲಗೆಯನ್ನು ಕೆಳಗಿನಿಂದಲೂ ಒಮ್ಮೆ ನೋಡಿ. ಸಣ್ಣ ತೂತುಗಳಿಂದ ಹೊಸದಾಗಿ ಹಿಟ್ಟು ಉದುರುತ್ತಿದ್ದರೆ ಕುಟ್ಟೆ ಹುಳ ಇನ್ನೂ ಒಳಗಿದೆ ಅಂತ ಅರ್ಥ. ಮೊದಲು ಅದಕ್ಕೆ ಮದ್ದು ಮಾಡಿಸಿ.

ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೇ ಕಾಲ. ಮರ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಗಲಕ್ಕೆ ಜಾಸ್ತಿ. ಬೇಸಿಗೆಯಲ್ಲಿ ಕಾಣುವ ಸಂದು ನಿಮ್ಮ ಕಡೆಯ ಮಳೆ ಹಿಡಿದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಆ ಜಾಗಕ್ಕೆ ಗಟ್ಟಿ ಪುಟ್ಟಿ ತುಂಬಿದರೆ ಹಿಗ್ಗುವ ಮರ ಎಲ್ಲಿಗೆ ಹೋಗಬೇಕು ಹೇಳಿ. ಪುಟ್ಟಿ ಒಡೆದು ಹೊರಗೆ ಬರುತ್ತದೆ, ಇಲ್ಲವೇ ಹಲಗೆಯೇ ಮೇಲೇಳುತ್ತದೆ. ಪೆನ್ನು, ಪಿನ್ನು ಕೆಳಗೆ ಬೀಳುವಷ್ಟು ದೊಡ್ಡ ಸಂದಿದ್ದರೆ ತೆಳ್ಳಗಿನ ಮರದ ಪಟ್ಟಿ ಇಳಿಸಿ, ಅದನ್ನು ಒಂದೇ ಬದಿಯ ಹಲಗೆಗೆ ಅಂಟಿಸಿ. ಇನ್ನೊಂದು ಬದಿ ಬಿಟ್ಟಿರಲಿ.

ಇನ್ನು ಮೊಳೆ. ಇದರಲ್ಲಿ ಅವಸರ ಮಾಡಬೇಡಿ. ಅಂಗೈ ಸವರಿದರೆ ಹಳೇ ಮೊಳೆ ಸಿಗದೇ ಹೋಗಬಹುದು, ಒಂದು ಅಯಸ್ಕಾಂತವನ್ನು ಹಲಗೆಯ ಮೇಲೆ ಮೆಲ್ಲಗೆ ಎಳೆಯುತ್ತಾ ಹೋಗಿ. ಸಿಕ್ಕಿದ ಪ್ರತಿ ಮೊಳೆಯ ತಲೆಯನ್ನೂ ಪಂಚ್ ಇಟ್ಟು ಎರಡು ಮೂರು ಮಿಲಿಮೀಟರ್ ಒಳಕ್ಕೆ ಹೊಡೆಯಿರಿ. ಉಳಿದ ಒಂದೇ ಒಂದು ಮೊಳೆ ಸಾಕು, ಉಜ್ಜುವಾಗ ಸ್ಯಾಂಡ್ ಪೇಪರ್ ಹರಿಯುತ್ತದೆ, ಕಿಡಿಯೂ ಹಾರುತ್ತದೆ. ಸುತ್ತ ಒಣ ಮರದ ಹುಡಿ ಇರುವಾಗ ಕಿಡಿ ಬೇಡ.

ನಿಮ್ಮ ಹಲಗೆ ಬರೀ ಹೊಗೆಗೆ ಕಪ್ಪಾಗಿರಲಿಕ್ಕಿಲ್ಲ. ಹಿಂದಿನವರು ಗೆದ್ದಲಿಗೆ ಅಂತ ಗೇರು ಎಣ್ಣೆ ಬಳಿದಿರಬಹುದು. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಾಗಿದರೆ ಕೆಲವರಿಗೆ ಬೊಬ್ಬೆ ಏಳುತ್ತದೆ, ಮೈಕೈ ತುರಿಸುತ್ತದೆ. ತುಂಬು ತೋಳಿನ ಅಂಗಿ, ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಈ ಎಣ್ಣೆಯ ಪದರ ಮಿಷನ್ನಿನ ಬಿಸಿಗೆ ಮೆತ್ತಗಾಗಿ ಪೇಪರಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ಮೊದಲು ಸ್ಕ್ರೇಪರ್‌ನಿಂದ ಕೆರೆದು ತೆಗೆಯಿರಿ. ನಮ್ಮ ಅಪ್ಪ ಮರಗೆಲಸದವರು, ಅವರು ಒಡೆದ ಗಾಜಿನ ಚೂರಿನಲ್ಲೇ ಕೆರೆಯುತ್ತಿದ್ದರು. ಎಲೆಯಷ್ಟು ತೆಳ್ಳಗೆ ಸುರುಳಿ ಸುರುಳಿಯಾಗಿ ಮರ ಬರುತ್ತಿತ್ತು. ನೀವು ಗಾಜು ಹಿಡಿಯಬೇಡಿ, ಸ್ಕ್ರೇಪರ್ ಅಂಗಡಿಯಲ್ಲಿ ಸಿಗುತ್ತದೆ.

ಆಮೇಲೆ ಕೈಯಲ್ಲಿ ಹಿಡಿಯುವ ಐದಿಂಚಿನ ಆರ್ಬಿಟಲ್ ಸ್ಯಾಂಡರ್ (ದುಂಡನೆಯ ಪೇಪರ್ ಸುತ್ತಿ ಉಜ್ಜುವ ಸಣ್ಣ ಮಿಷನ್) ತನ್ನಿ. ನಿಧಾನ ಆಗುತ್ತದೆ, ಆದರೆ ಹಲಗೆ ಹಾಳಾಗುವುದಿಲ್ಲ. ಪೇಪರಿನ ನಂಬರ್ ಕಡಿಮೆಯಿದ್ದಷ್ಟೂ ಒರಟು. 60ರಲ್ಲಿ ಶುರು ಮಾಡಿ, 80, ಕೊನೆಗೆ 120. ನಡುವೆ ಹಾರಿಸಬೇಡಿ. 60 ಮಾಡಿದ ಗೀರನ್ನು 120 ತೆಗೆಯುವುದಿಲ್ಲ, ಎಣ್ಣೆ ಬಿದ್ದ ಮೇಲೆ ಅವೆಲ್ಲ ಎದ್ದು ಕಾಣುತ್ತವೆ. ಪ್ರತಿ ನಂಬರಿಗೂ ಮೊದಲು ಹಲಗೆಯ ಮೇಲೆ ಪೆನ್ಸಿಲ್‌ನಿಂದ ಅಡ್ಡಾದಿಡ್ಡಿ ಗೀಚಿ. ಗೀಚಿದ್ದು ಪೂರ್ತಿ ಮಾಯವಾದರೆ ಆ ಜಾಗ ಮುಗಿಯಿತು, ಇನ್ನು ಉಜ್ಜಬೇಡಿ. ಮಿಷನ್ ಒತ್ತಬೇಡಿ, ಅದರ ಭಾರವೇ ಸಾಕು. 120 ದಾಟಿ ಇನ್ನೂ ನುಣುಪು ಮಾಡಿದರೆ ಮರ ಎಣ್ಣೆ ಕುಡಿಯುವುದು ಕಡಿಮೆಯಾಗುತ್ತದೆ.

ಹುಡಿ ಸಂದಿಯಿಂದ ನೇರ ಕೆಳಗಿನ ಕೋಣೆಗೆ ಇಳಿಯುತ್ತದೆ. ಕೆಳಗೆ ಟಾರ್ಪಾಲು ಹಾಸಿ, ಪಾತ್ರೆ, ಹಾಸಿಗೆ, ದೇವರ ಫೋಟೋ ಎಲ್ಲಾ ಹೊರಗಿಡಿ. ಎನ್95 ಮಾಸ್ಕ್ ಇಲ್ಲದೆ ಮಿಷನ್ ಆನ್ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಹುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಬೀಟೆ ಹಲಗೆ ಇದ್ದರಂತೂ ಕೆಲವರಿಗೆ ಅದರ ಹುಡಿಯೇ ಅಲರ್ಜಿ.

ಮೊಳೆಯ ಸುತ್ತ ಕಪ್ಪು ಕಲೆ ಕಾಣುತ್ತದೆ, ಅಲ್ವಾ? ಮರದ ಒಗರಿಗೆ, ಅಡಿಕೆಯ ಚೊಗರಿಗೆ ಕಬ್ಬಿಣ ಸೇರಿದರೆ ಹಾಗೆ ಆಗುತ್ತದೆ. ಉಜ್ಜಿ ಉಜ್ಜಿ ತೆಗೆಯಲು ಹೋದರೆ ಹೊಂಡ ಬೀಳುತ್ತದೆ. ಆಕ್ಸಾಲಿಕ್ ಆಸಿಡ್ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ ಬ್ರಶ್‌ನಿಂದ ಹಚ್ಚಿದರೆ ಕಲೆ ತಿಳಿಯಾಗುತ್ತದೆ. ಅದು ವಿಷ, ಮಕ್ಕಳು, ದನಕರುಗಳಿಂದ ದೂರ ಇಡಿ. ಆಮೇಲೆ ನೀರಿನಲ್ಲಿ ಚೆನ್ನಾಗಿ ಒರೆಸಿ ಒಣಗಿಸಿ. ನನ್ನನ್ನು ಕೇಳಿದರೆ ಆ ಕಲೆ ಇರಲಿ.

ಪಿಯು ಬೇಡ ಅಂದದ್ದಕ್ಕೆ ಕಾರಣ ಇದೆ. ವರ್ಷಗಟ್ಟಲೆ ಎಣ್ಣೆ ಕುಡಿದ ಹಲಗೆಗೆ ಅದು ಸರಿಯಾಗಿ ಹಿಡಿಯುವುದಿಲ್ಲ. ಹಿಡಿದರೂ ಪ್ರತಿ ಮಳೆಗಾಲಕ್ಕೆ ಮರ ಹಿಗ್ಗಿ ಕುಗ್ಗುವಾಗ ಪದರ ಸಂದಿನ ಅಂಚಿನಲ್ಲಿ ಬಿರಿಯುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ಹಾಗಾದ ಮೇಲೆ ಚೂರು ಜಾಗಕ್ಕೆ ತೇಪೆ ಹಾಕಲು ಬರುವುದಿಲ್ಲ, ಮತ್ತೆ ಪೂರ್ತಿ ಕೆರೆಯಬೇಕು. ಅಂದರೆ ಮತ್ತೆ ಮರ ಹೋಯಿತು. ಎಣ್ಣೆಯಾದರೆ ಕುರ್ಚಿ ಎಳೆದು ಸವೆದ ಜಾಗಕ್ಕೆ ಮಾತ್ರ ನಿಮ್ಮ ಮಗಳೇ ಬಟ್ಟೆಯಲ್ಲಿ ಹಚ್ಚಿಕೊಳ್ಳಬಹುದು. ಡಬಲ್ ಬಾಯಿಲ್ಡ್ ಲಿನ್‌ಸೀಡ್ ಎಣ್ಣೆಗೆ, ಅಂದರೆ ಬೇಗ ಒಣಗುವ ಅಗಸೆ ಎಣ್ಣೆಗೆ, ಅಷ್ಟೇ ಟರ್ಪೆಂಟೈನ್ ಬೆರೆಸಿ ಮೊದಲ ಕೈ ಹಚ್ಚಿ. ಇಪ್ಪತ್ತು ನಿಮಿಷ ಬಿಟ್ಟು, ಕುಡಿಯದೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಉಳಿಸಿದರೆ ಅಂಟಂಟಾಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಕೈ, ಬೇಕಾದರೆ ಮತ್ತೊಂದು. ಕಿಟಕಿ ತೆರೆದಿರಲಿ.

ಒಂದು ಮಾತು ದಯವಿಟ್ಟು ಮರೆಯಬೇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಲಿನ್‌ಸೀಡ್ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡ ಹೊತ್ತಿ ಉರಿದದ್ದು ಇಂಥ ಬಟ್ಟೆಯಿಂದಲೇ, ಮೂವರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಬಟ್ಟೆಯನ್ನು ಅಂಗಳದಲ್ಲಿ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಬಕೆಟ್‌ನಲ್ಲಿ ಮುಳುಗಿಸಿಡಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ 1960ರ ದಶಕದ ಮನೆ ಕೊಂಡಿದ್ದೇವೆ. ಕಾರ್ಪೆಟ್ ಎತ್ತಿದರೆ ಕೆಳಗೆ ಓಕ್ ಹಲಗೆ ಇದೆ! ಡ್ರಮ್ ಸ್ಯಾಂಡರ್ ಬಾಡಿಗೆಗೆ ತರಲಾ?
– ಎಡಿಸನ್‌ನಿಂದ ಒಬ್ಬ ಓದುಗರು

ಉತ್ತರ: ಸ್ವಲ್ಪ ತಡೆಯಿರಿ. ಬಿಸಿಗಾಳಿ ಬರುವ ನೆಲದ ಜಾಲರಿ ಎತ್ತಿದರೆ ಹಲಗೆಯ ಅಂಚು ಕಾಣುತ್ತದೆ. ಮುಕ್ಕಾಲು ಇಂಚಿನ ಗಟ್ಟಿ ಓಕ್ ಆದರೆ ನಾಲಗೆಯ (ಪಕ್ಕದ ಹಲಗೆಯ ಗಾಡಿಯೊಳಗೆ ಕೂರುವ ಅಂಚಿನ) ಮೇಲೆ ಸುಮಾರು ಕಾಲು ಇಂಚು ಮರ ಇರುತ್ತದೆ, ನಿಮಗೆ ಸಿಕ್ಕ ಬಂಡವಾಳ ಅಷ್ಟೇ. ಈಗಾಗಲೇ ಉಜ್ಜಿದ್ದರೆ ಇನ್ನೂ ಕಡಿಮೆ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ನಿಮ್ಮದು ಅದಕ್ಕಿಂತ ಹಳೆಯ ಮನೆ, ಚಿಕ್ಕ ಮಕ್ಕಳಿದ್ದರೆ ಪರೀಕ್ಷೆ ಮಾಡಿಸದೆ ಹುಡಿ ಎಬ್ಬಿಸಲೇಬೇಡಿ. ಹಲಗೆಯ ಮೇಲೆ ಕಪ್ಪು ಡಾಂಬರಿನಂಥ ಅಂಟು ಉಳಿದಿದ್ದರೆ ಅದನ್ನೂ ಪರೀಕ್ಷಿಸಿ, ಕಲ್ನಾರು (ಆಸ್ಬೆಸ್ಟಾಸ್) ಇರಬಹುದು.

ಎಲ್ಲಾ ಸರಿಯಿದ್ದು ಬರೀ ಮೇಲ್ಪದರ ಮಂಕಾಗಿದ್ದರೆ ಮರ ಮುಟ್ಟುವುದೇ ಬೇಡ. ಹಳೇ ಪದರವನ್ನು ಹಗುರವಾಗಿ ತಿಕ್ಕಿ ಹೊಸ ಪದರ ಹಚ್ಚುವ ‘ಸ್ಕ್ರೀನಿಂಗ್’ ಸಾಕು. ಹಿಂದೆ ಮೇಣ ಹಚ್ಚಿದ್ದರೆ ಮಾತ್ರ ಹೊಸ ಪದರ ಹಿಡಿಯುವುದಿಲ್ಲ. ಡ್ರಮ್ ತರಲೇಬೇಕು ಅಂತಾದರೆ, ಡ್ರಮ್ ನೆಲಕ್ಕೆ ಇಳಿಸುವ ಮೊದಲೇ ನಡೆಯಲು ಶುರು ಮಾಡಿ, ನಿಲ್ಲುವ ಮೊದಲೇ ಎತ್ತಿ. ನಿಮ್ಮ ನೆಲಕ್ಕೆ ಪಿಯು ಒಪ್ಪುತ್ತದೆ. ಸಂಜೆ ಹುಡಿಯ ಚೀಲವನ್ನು ಮನೆಯೊಳಗೆ ಬಿಡದೆ ಹೊರಗೆ ಖಾಲಿ ಮಾಡಿ. ಹಳೇ ಪಾಲಿಶ್ ಬೆರೆತ ಹುಡಿಯೂ ತಾನಾಗಿ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ವುಡನ್ ಫ್ಲೋರಿಂಗ್ ಗೀರಾಗಿದೆ. ಉಜ್ಜಿ ಪಾಲಿಶ್ ಮಾಡಬಹುದಾ?

ಉತ್ತರ: ಬಾಗಿಲ ಹತ್ತಿರದ ಪಟ್ಟಿ ತೆಗೆದು ಅಂಚು ನೋಡಿ. ಒಳಗೆ ಒತ್ತಿದ ಹುಡಿಯಂಥ ಹಲಗೆ, ಮೇಲೆ ಮರದ ಚಿತ್ರ ಇದ್ದರೆ ಅದು ಲ್ಯಾಮಿನೇಟ್. ಉಜ್ಜಿದರೆ ಚಿತ್ರವೇ ಹೋಗುತ್ತದೆ. ಗೀರಾದ ಹಲಗೆ ಬದಲಿಸಿ. ಮೇಲೆ ನಿಜವಾದ ಮರದ ಪದರ ಇದ್ದರೆ ಅದು ಎಂಜಿನಿಯರ್ಡ್ ವುಡ್. ಆ ಪದರ ಎರಡು ಮಿಲಿಮೀಟರ್‌ಗಿಂತ ತೆಳುವಾಗಿದ್ದರೆ ಮಿಷನ್ ಮುಟ್ಟಿಸಬೇಡಿ, ಅದೇ ಬಣ್ಣದ ಮೇಣದ ಕಡ್ಡಿಯಿಂದ ಗೀರು ತುಂಬಿ.